ಹೆಸರಿಡದ ಮರಿ

ಪಶು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ಅಕ್ಕನ ಮಗಳು ಕೂತಿದ್ದರು. ಕಾಲಬುಡದಲ್ಲಿ ಒಂದು ಮೇಕೆ, ಅದರ ಮರಿ. ಹುಡುಗಿಯ ಕಣ್ಣು ಮೊಬೈಲ್ ಬಿಟ್ಟು ಕದಲುತ್ತಿರಲಿಲ್ಲ.

“ಅದೇನೇ ಅಷ್ಟೊಂದು ನೋಡ್ತಿದೀಯ?”

“ಪಾಸ್‌ವರ್ಡ್ ಸರಿಯಿದ್ರೆ ಮಾತ್ರ ಒಳಗೆ ಬಿಡೋ ಸಾಫ್ಟ್‌ವೇರ್ ಚಿಕ್ಕಮ್ಮ. ಎಲ್ಲೆಲ್ಲಿಯವರೋ ಸೇರಿ ಪುಕ್ಕಟೆ ಬರೆಯೋದು. ಅದರಲ್ಲೊಂದು ತಪ್ಪು ತಿದ್ದಿ ಕಳಿಸಿದೀನಿ, ಮೊದಲ್ನೇ ಸಲ. ತಗೋತಾರೋ ಇಲ್ವೋ.”

“ಯಾಕೆ ತಗೊಳ್ಳಲ್ಲ?”

“ಪರೀಕ್ಷೆ ಮಾಡೋಕೆ ಅಂತ ನನ್ನ ಪಾಸ್‌ವರ್ಡನ್ನೇ ಅದರೊಳಗೆ ಬರೆದಿದ್ದೆ. ಅಳಿಸೋದು ಮರೆತು ಹಾಗೇ ಕಳಿಸಿಬಿಟ್ಟೆ. ಎಲ್ಲರೂ ಓದಿದ್ರು.”

“ಬೀಗ ರಿಪೇರಿಗೆ ಹೋಗಿ ಬೀಗದ ಕೈ ಬಾಗಿಲಿಗೇ ನೇತುಹಾಕಿ ಬಂದೆ ಅನ್ನು. ಏನಿತ್ತು ಪಾಸ್‌ವರ್ಡು?”

“ಈ ಮೇಕೆ ಹೆಸರು.”

“ಅಯ್ಯೋ! ಲೋಕಕ್ಕೆಲ್ಲ ಇವಳ ಹೆಸರು ಗೊತ್ತಾಯ್ತಾ?” ಹೆಂಗಸು ಮೇಕೆಯ ಕಿವಿ ಸವರಿದಳು.

“ಅದನ್ನ ಅಳಿಸಿ ಮತ್ತೆ ಕಳಿಸಿದೀನಿ. ಪಾಸ್‌ವರ್ಡೂ ಬದಲಾಯಿಸ್ದೆ.”

“ಈಗ ಮರಿ ಹೆಸರು ಇಟ್ಟಿರ್ತೀಯ.”

“ಮೆಲ್ಲಗೆ, ಚಿಕ್ಕಮ್ಮ!”

ಅಷ್ಟರಲ್ಲಿ ಮೊಬೈಲ್ ಟಿಣ್ ಎಂದಿತು.

“ತಗೊಂಡ್ರು! ನಂದನ್ನ ತಗೊಂಡ್ರು!”

ಕಾಂಪೌಂಡರ್ ದಪ್ಪ ಪುಸ್ತಕ ಹಿಡಿದು ಬಾಗಿಲಿಗೆ ಬಂದ. “ಮರಿ ಯಾರದ್ದಮ್ಮ? ಹೆಸರೇನು ಅದರದ್ದು?”

ಚಿಕ್ಕಮ್ಮ ಬೆಂಚಿನ ಮೇಲಿದ್ದ ನಮ್ಮನ್ನೆಲ್ಲ ಒಮ್ಮೆ ಅನುಮಾನದಿಂದ ನೋಡಿದಳು.

“ಇನ್ನೂ ಹೆಸರಿಟ್ಟಿಲ್ಲ ಸ್ವಾಮಿ,” ಎಂದು ಮರಿಯನ್ನು ಎತ್ತಿಕೊಂಡು ಒಳಗೆ ಹೋದಳು.