ಕೇಳಿದರಷ್ಟೇ ಗೋತ್ರ

ಮಲ್ಲೇಶ್ವರದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಮತ್ತು ಕಾಲೇಜು ಓದುವ ಮೊಮ್ಮಗಳು. ಅಜ್ಜಿಯ ತೊಡೆಯ ಮೇಲೆ ಹೊಸ ಪ್ರಿಂಟರಿನ ಡಬ್ಬ.

"ವೈರ್ ಚುಚ್ಚಿದ ತಕ್ಷಣ ಇದು ಪ್ರಿಂಟರು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗತ್ತೆ ಧೃತಿ?"

"ಕೇಳತ್ತೆ ಅಜ್ಜಿ. ಯಾರು ನೀನು, ಯಾವ ಕಂಪನಿ, ಏನು ಕೆಲಸ ಅಂತ."

"ನಾವು ಗೋತ್ರ ಕೇಳೋ ಹಾಗೆ."

"ಹೂಂ. ಆಮೇಲೆ ಅದಕ್ಕೆ ಹೊಂದೋ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಹುಡುಕತ್ತೆ. ಮಾತುಕತೆಯೆಲ್ಲ ಆ ಡ್ರೈವರ್ ಮೂಲಕವೇ."

"ಓಹೋ, ಮದುವೆ ಬ್ರೋಕರು! ಪ್ರಿಂಟರು ತಾನಾಗೇ ಏನೂ ಹೇಳಲ್ವಾ?"

"ಇಲ್ಲ. ಈ ಯುಎಸ್‌ಬಿ ವೈರಲ್ಲಿ ಕೇಳದೆ ಯಾರೂ ಬಾಯಿ ಬಿಡಲ್ಲ."

"ನಿನ್ನ ಹಾಗೆ."

"ಅಂದ್ರೆ?"

"ಈಗ ಕೇಳ್ತಿದೀನಿ. ದಿನಾ ನಮ್ಮ ಬೀದಿ ತಿರುವಲ್ಲೇ ನಿನ್ನನ್ನ ಇಳಿಸಿ ಹೋಗ್ತಾನಲ್ಲ, ಆ ಸ್ಕೂಟರಿನವನು ಯಾರು?"

"ಬಸ್ ಬಂತು, ಹತ್ತಜ್ಜಿ!"

"ಇದು ನಮ್ಮ ಬಸ್ಸಲ್ಲ ಕಣೇ!"

"ಪರವಾಗಿಲ್ಲ, ಹತ್ತು!"

ಬಸ್ಸು ಹೊರಟಾಗ ಕಿಟಕಿಯಿಂದ ಅಜ್ಜಿಯ ದನಿ ಕೇಳಿಸಿತು: "ಗೋತ್ರವಾದ್ರೂ ಹೇಳೇ!"