ಮೂರನೇ ಕಾರ್ಡು

ಮಧ್ಯಾಹ್ನವೇ ದೀಪ ಹಚ್ಚಬೇಕಾದಂಥ ಮಳೆ. ಕರೆಂಟು ಹೋಗಿ ಅಚ್ಚಿನ ಯಂತ್ರ ನಿಂತಿತ್ತು. ಪ್ರಾರ್ಥನಾ ಮಂದಿರದ ಹೊಸ ಅಯ್ಯನವರ ಕಾರ್ಡುಗಳನ್ನು ನೂರರಂತೆ ಕಟ್ಟು ಕಟ್ಟುತ್ತಿದ್ದ ಹೆಂಗಸರು ಮೇಣದಬತ್ತಿಯ ಸುತ್ತ ಸೇರಿದರು. ಮಂದಿರದಲ್ಲೂ ಇಲ್ಲೂ ಕಸ ಗುಡಿಸುವ ಅಜ್ಜಿಯೂ ಬಂದಳು. ನಾಲಿಗೆಯ ಹರಿತಕ್ಕೆ ಅವಳನ್ನು ಎಲ್ಲರೂ ಕತ್ತರಿ ಅಜ್ಜಿ ಎನ್ನುತ್ತಿದ್ದರು. ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ಓದಿದವಳೇ ಥಟ್ಟನೆ ಕೆಳಗೆ ಹಾಕಿದಳು.

"ಏನಜ್ಜಿ, ಏನಾಯ್ತು?"

"ಏನಾಯ್ತಂತೆ! ಬೆಳಗಿಂದ ಕಟ್ಟು ಕಟ್ತಿದೀರಲ್ಲ, ಏನು ಬರೆದಿದೆ ಅಂತ ಒಬ್ಬಳಾದ್ರೂ ಓದಿದೀರೇನ್ರೇ? ಕೂತ್ಕೊಳ್ಳಿ, ಹೇಳ್ತೀನಿ...

"ಈ ಹೊಸ ಅಯ್ಯನವರಿಗಿಂತ ಮುಂಚೆ ಮಂದಿರದಲ್ಲಿ ಇನ್ನೊಬ್ಬ ಅಯ್ಯ ಇದ್ರು. ಬದುಕು ಸಾಕಾಯ್ತು ಅಂತ ಎಲ್ಲೆಲ್ಲಿಂದಲೋ ಜನ ಅವರಿಗೆ ಕಾಗದ ಬರೀತಿದ್ರು. ಗುರುತಿಲ್ಲ, ಪರಿಚಯ ಇಲ್ಲ... ಆದ್ರೂ ಒಬ್ಬೊಬ್ಬರಿಗೂ ಕೈಯಾರೆ ಉತ್ತರ ಬರೆಯೋರು. 'ದೇವರು ನಿನ್ನ ಕೈ ಬಿಟ್ಟಿಲ್ಲ ಮಗೂ, ನಾನೂ ಬಿಡಲ್ಲ' ಅಂತ. ನಂಗೂ ಬರೆದಿದ್ರು ಕಣ್ರೇ. ಗಂಡ ಸತ್ತು, ಬಾವಿ ನೋಡ್ಕೊಂಡು ನಿಂತಿದ್ದೆ ಆಗ. ಆ ಕಾಗದ ಬರದೇ ಹೋಗಿದ್ರೆ ಈ ಅಜ್ಜಿ ಎಲ್ಲಿರ್ತಿದ್ಲು? ಅದಕ್ಕೇ ಅವರ ಕೋಣೆ ಗುಡಿಸೋ ಕೆಲಸಕ್ಕೆ ಸೇರ್ಕೊಂಡೆ.

"ಹೆಸರು ಬಂತು ನೋಡಿ, ಕಾಗದಗಳು ಮೂಟೆಗಟ್ಟಲೆ ಬರೋಕೆ ಶುರು. ಅಯ್ಯ ಮೂರು ಥರ ಕಾರ್ಡು ಅಚ್ಚು ಹಾಕಿಸಿದ್ರು. ಕಾಯಿಲೆಗೆ ಒಂದನೇದು, ಸಾವಿಗೆ ಎರಡನೇದು, ಮನೆ ಜಗಳಕ್ಕೆ ಮೂರನೇದು. ಮೊದಲ ಸಾಲು ಓದೋದು, ಕಾರ್ಡು ಎತ್ತೋದು, ಮುಗೀತು! ಒಂದಿನ ಒಬ್ಬ ಹೆಂಗಸಿನ ಕಾಗದ ಬಂತು. 'ಮನೇಲಿ ಜಗಳ' ಅನ್ನೋದು ಮೊದಲ ಸಾಲು. ಅದರ ಕೆಳಗೆ ಏನಿತ್ತು ಗೊತ್ತಾ? ನಾನು ತೆಗೆದು ಓದೋ ಹೊತ್ತಿಗೆ ಕಾಲ ಮೀರಿತ್ತು... 'ಗಂಡ ಹೊರಗಿಂದ ಚಿಲಕ ಹಾಕ್ತಾನೆ, ಕೊಲ್ತೀನಿ ಅಂತಾನೆ, ಬಟ್ಟೆ ಗಂಟು ಕಟ್ಟಿಟ್ಟಿದೀನಿ, ಹೊರಡ್ಲಾ ಅಯ್ಯಾ?' ಅಂತ ಇತ್ತು. ಅಯ್ಯ ಮೂರನೇ ಕಾರ್ಡು ಕಳಿಸಿದ್ರು. 'ತಾಳಿದವರು ಬಾಳಿಯಾರು. ಮನೆ ಬಿಟ್ಟು ಹೋಗಬೇಡ.' ಅಂಚೆಗೆ ಹಾಕಿದ್ದು ಇದೇ ಕೈ.

"ಎಂಟು ದಿನಕ್ಕೆ ಅವಳ ಅಕ್ಕ ಬಂದ್ಲು. 'ಇದನ್ನ ಓದಿ ನನ್ನ ತಂಗಿ ಗಂಟು ಬಿಚ್ಚಿದ್ಲು. ಅವನು ಕೊಂದುಹಾಕಿದ. ನಿನ್ನೆ ಮಣ್ಣು ಮಾಡಿದ್ವಿ' ಅಂತ ಕಾರ್ಡನ್ನ ಮೇಜಿನ ಮೇಲೆ ಬಿಸಾಕಿದ್ಲು. ಅಯ್ಯ ಏನು ಮಾಡಿದ್ರು ಹೇಳಿ? ತಲೆ ಎತ್ತದೇ ಎರಡನೇ ಕಾರ್ಡು ಕೊಟ್ರು! ನನ್ನ ಮೈಯೆಲ್ಲ ಉರಿದುಹೋಯ್ತು.

"ಮಾರನೇ ದಿನದಿಂದ ಅದೇ ಕೈಬರಹದ ಲಕೋಟೆ ಬರೋಕೆ ಶುರುವಾಯ್ತು... ಸತ್ತವಳ ಕೈಬರಹ. ಒಳಗೆ ಮೂರನೇ ಕಾರ್ಡು, ಅದರ ಬೆನ್ನಿಗೆ ಒಂದೇ ಸಾಲು. 'ತಾಳಿದೆ. ಮುಂದೇನು?' ಸುಟ್ಟುಹಾಕಿದ್ರೆ ನಾಳೆ ಎರಡು ಬರೋದು. ಅಯ್ಯ ಪ್ರಾರ್ಥನೆಗೆ ಕೂತ್ರೆ ಬಾಯಲ್ಲಿ ಕಾರ್ಡಿನ ಮಾತು ಬಿಟ್ಟು ಬೇರೆ ಮಾತೇ ಹೊರಡ್ತಿರಲಿಲ್ಲ.

"ಅಷ್ಟರಲ್ಲಿ ನಾನು ಮಗಳ ಹೆರಿಗೆಗೆ ಅಂತ ಹೋದೆ. ಎಂಟು ದಿನ ಬಿಟ್ಟು ಬಂದು ನೋಡ್ತೀನಿ, ಅಯ್ಯನ ಬಾಗಿಲ ಹೊರಗೆ ಚೀಟಿಗಳ ರಾಶಿ! ಅಯ್ಯನೇ ಕೈಯಾರೆ ಬರೆದು ಒಳಗಿಂದ ತಳ್ಳಿದ್ದು, ಎಷ್ಟು ವರ್ಷದ ಮೇಲೆ... 'ಯಾರಾದರೂ ಚಿಲಕ ತೆಗೆಯಿರಿ' ಅಂತ. ಚಿಲಕ ಹಾಕೇ ಇರಲಿಲ್ಲ ಕಣ್ರೇ, ಸುಮ್ಮನೆ ಜೋತಾಡ್ತಿತ್ತು. ಒಳಗೆ ಬಾಗಿಲ ಪಕ್ಕದಲ್ಲೇ ಅಯ್ಯ ಸತ್ತು ಬಿದ್ದಿದ್ರು. ಸುತ್ತ ಕಾರ್ಡುಗಳು, ಬಾಗಿಲ ಸಂದಿಯಿಂದ ಒಳಗೆ ತಳ್ಳಿದ್ದು, ಚೀಟಿಗೊಂದರಂತೆ ಲೆಕ್ಕ. ಎಲ್ಲಾ ಮೂರನೇದೇ.

"ಪಾಪ ಅಂತೀರಾ? ಅನ್ನಿ. ನನ್ನ ಜೀವ ಉಳಿಸಿದ ಮನುಷ್ಯ, ಆದ್ರೂ ನಾನು ಅನ್ನಲ್ಲ."

ಯಾರೂ ಕಟ್ಟು ಮುಟ್ಟಲಿಲ್ಲ. "ಹೊಸ ಅಯ್ಯನವರಿಗೆ ಹೇಳಬಾರದಾ ಅಜ್ಜಿ?" ಎಂದಳೊಬ್ಬಳು.

"ಹೇಳದೇ ಬಿಟ್ಟೆನಾ? ಮೂರನೇದು ಮಾತ್ರ ಬೇಡ ಅಂತ ಕೈ ಮುಗಿದೆ. ಅಜ್ಜಿಗೆ ಅರಳುಮರಳು ಅಂದ್ರು, ಅದನ್ನೇ ಅಚ್ಚಿಗೆ ಕೊಟ್ಟಿದಾರೆ ನೋಡಿ. ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದ್ರು... ಕೋಣೆ ಬಾಗಿಲಿಗೆ ಯಾರೋ ಹೊರಗಿಂದ ಚಿಲಕ ಹಾಕಿದಾರೆ, ಸ್ವಲ್ಪ ಬಂದು ತೆಗೀತೀಯಾ ಅಂತ."

"ನೀನೇನಂದೆ?"

ಅಜ್ಜಿ ಕೆಳಗೆ ಬಿದ್ದಿದ್ದ ಕಾರ್ಡನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಕಟ್ಟಿನ ಮೇಲಿಟ್ಟಳು.

"ತಾಳಿ ಅಯ್ಯಾ ಅಂದೆ."