ಮುಚ್ಚಳ ಹಾಕಿದ ತಟ್ಟೆ

ಆಸ್ಪತ್ರೆಯ ವಾರ್ಡಿನೊಳಗೆ ಬಿಡುವ ಹೊತ್ತಿಗಾಗಿ ಮಗಳು ಮುಳ್ಳಿನ ಮೇಲೆ ಕೂತವಳಂತೆ ಕಾಯುತ್ತಿದ್ದಳು. ಇವತ್ತಾದರೂ ಅಪ್ಪನ ಹಟ ಮುರಿಯಬೇಕು. ಪಕ್ಕದಲ್ಲಿ ಅಡಿಗೆಯವನೂ ಬಡಿಸುವಾಕೆಯೂ ಊಟದ ಗಾಡಿಯೊಂದಿಗೆ ಲಿಫ್ಟಿಗಾಗಿ ನಿಂತಿದ್ದರು.

“ಇವತ್ತೂ ಆರು ತಟ್ಟೆ ಹಾಗೇ ವಾಪಸ್ ಬಂದಿದೆಯಲ್ಲಕ್ಕ. ಮೆತ್ತಗೆ ಬೇಯಿಸು ಅಂದ್ರು, ಬೇಯಿಸ್ದೆ. ಇನ್ನೇನು ಮಾಡ್ಲಿ?”

“ನಿನ್ನ ಅಡಿಗೆಗೇನಾಗಿದೆ ಮಾರಾಯ? ಅವರು ಬಾಯಿಗೇ ಇಟ್ಟಿಲ್ಲ.”

“ಯಾಕೆ?”

“ಊಟ ಬಿಸಿಯಾಗಿರಲಿ ಅಂತ ಹೊಸ ತಟ್ಟೆ ತಂದ್ರಲ್ಲ, ಅದರ ಮುಚ್ಚಳ ತೆಗೆಯೋಕೆ ನನಗೇ ಎರಡೂ ಕೈ ಬೇಕು.”

“ನೀನೇ ತೆಗೆದುಕೊಡಬಾರದಾ?”

“ಆರಿಹೋಗುತ್ತೆ, ತೆಗೀಬೇಡ ಅಂತ ಆರ್ಡರ್. ತಟ್ಟೆ ವಾಪಸ್ ಬಂದ್ರೆ ‘ಊಟ ಬೇಡ ಅಂದ್ರು’ ಅಂತ ಬರೀಬೇಕು. ಕಿಟಕಿ ಹತ್ರ ಒಬ್ರು ಅಜ್ಜ ಇದ್ದಾರೆ, ಮಾತು ನಿಂತುಹೋಗಿದೆ, ಒಂದು ಕೈಯೂ ಬಿದ್ದುಹೋಗಿದೆ. ಮೂರು ದಿನದಿಂದ ಅವರ ಹೆಸರಲ್ಲೂ ಹಾಗೇ ಬರೀತಿದ್ದೀನಿ.”

“ಮನೆಯವ್ರು ಯಾರೂ ಕೇಳಲ್ವಾ?”

“ನಿನ್ನೆ ಮಗಳು ಬಂದಿದ್ಲಂತೆ. ಚಿಕ್ಕ ಮಕ್ಕಳ ಥರ ಹಟ ಮಾಡ್ತೀರಾ ಅಂತ ಬೈದು ಹೋದ್ಲಂತೆ. ಅವರು ಮುಚ್ಚಳದ ಕಡೆಗೇ ನೋಡ್ತಿದ್ರಂತೆ.”

ಲಿಫ್ಟ್ ಬಂತು. ಇಬ್ಬರೂ ಗಾಡಿ ತಳ್ಳಿಕೊಂಡು ಒಳಗೆ ಹೋದರು.

ವಾರ್ಡಿನೊಳಗೆ ಬಿಡಲು ಇನ್ನೂ ಹತ್ತು ನಿಮಿಷವಿತ್ತು. ಮಗಳು ಎದ್ದು ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಳು.